ಭಾವನವರ ಒಂದು ಸೆಕೆಂಡು

ನಮ್ಮ ಭಾವನವರಿಗೆ ಒಟ್ಟು ಇಪ್ಪತ್ತಮೂರು ಮಕ್ಕಳು. ಇವರಲ್ಲಿ ಇಬ್ಬರನ್ನು ಮಾತ್ರ ನಮ್ಮಕ್ಕ ಹೆತ್ತಿದ್ದಾಳೆ. ಉಳಿದ ಇಪ್ಪತ್ತೊಂದು ಹೊರದೇಶದಲ್ಲಿ ಹುಟ್ಟಿದವು, ಹೆಚ್ಚಿನವು ಜರ್ಮನಿಯಲ್ಲಿ. ಭಾವ ದೊಡ್ಡಬಳ್ಳಾಪುರ ಬಿಟ್ಟು ಬಹಳ ದೂರ ಹೋದದ್ದೆಂದರೆ ಒಮ್ಮೆ ತಿರುಪತಿಗೆ, ಇನ್ನೊಮ್ಮೆ ನೂಲು ನೋಡಲು ಸೂರತ್ತಿಗೆ. ಹಾಗಿರುವಾಗ ಜರ್ಮನಿಯಲ್ಲಿ ಮಕ್ಕಳು ಹೇಗಾದವು ಎಂದು ನೀವು ಹುಬ್ಬೇರಿಸುವ ಮುಂಚೆ ಹೇಳಿಬಿಡುತ್ತೇನೆ: ಅವೆಲ್ಲ ಕ್ಯಾಮೆರಾಗಳು. ಅದೂ ಎಂಥವು? ಮಡಚಿ ಜೇಬಿಗೆ ಹಾಕಿಕೊಳ್ಳುವಂಥವು, ನಮ್ಮಜ್ಜಿಯ ಎಲೆಅಡಿಕೆ ಡಬ್ಬಿಗಿಂತ ಚಿಕ್ಕವು, ಮನೆಯಲ್ಲಿರುವ ಎಲ್ಲರಿಗಿಂತ ವಯಸ್ಸಾದವು!

ಹೆತ್ತ ಮಕ್ಕಳ ಹುಟ್ಟಿದ ದಿನ ಭಾವನಿಗೆ ನೆನಪಿರುವುದಿಲ್ಲ. ಈ ಇಪ್ಪತ್ತೊಂದು ಯಾವ ಕಾಲದಲ್ಲಿ, ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದವು ಎಂಬುದು ಮಾತ್ರ ಬಾಯಿಪಾಠ. ಮಗಳ ಮದುವೆಗೆ ಜಾತಕ ಬರೆಸಲು ಹೋದಾಗ ಜೋಯಿಸರು ಹುಡುಗಿ ಹುಟ್ಟಿದ್ದು ಯಾವಾಗ ಎಂದು ಕೇಳಿದರಂತೆ. ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡು, ಏನೋ ಯೋಚನೆಯಲ್ಲಿ, ಯುದ್ಧಕ್ಕೆ ಮುಂಚೆ ಎಂದುಬಿಟ್ಟರಂತೆ. ಅಕ್ಕ ಪಕ್ಕದಲ್ಲೇ ಕುಳಿತಿದ್ದದ್ದರಿಂದ ಆ ಮದುವೆ ನಡೆಯಿತು.

ನಾನಾದರೋ ಕ್ಯಾಮೆರಾದ ಸಹವಾಸಕ್ಕೆ ಹೋದವನಲ್ಲ. ನೆಲಮಂಗಲದ ಹೆದ್ದಾರಿ ಪಕ್ಕದ ಒಂದು ಗೋದಾಮಿನಲ್ಲಿ ನನ್ನ ಕೆಲಸ. ಲಾರಿ ಬಂದರೆ ಬಾಗಿಲು ತೆಗೆಸುವುದು, ಸರಕು ಇಳಿದರೆ ಬಾಗಿಲು ಹಾಕಿಸುವುದು. ಫೋಟೋ ಬೇಕಾದಾಗ ಫೋನು ತೆಗೆದು ಒತ್ತುತ್ತೇನೆ. ಆಮೇಲೆ ಅದನ್ನು ಯಾರೂ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು ಅವಳ ಕೈಯ ಮುದ್ದೆ ಮತ್ತು ಅವರೆಕಾಳಿನ ಸಾರಿಗಾಗಿಯೇ ಹೊರತು ಭಾವನ ಭಾಷಣಕ್ಕಾಗಿ ಅಲ್ಲ. ಈ ವಿಷಯದಲ್ಲಿ ನನ್ನ ಸಾಕ್ಷ್ಯ ಪಕ್ಷಪಾತವಿಲ್ಲದ್ದು ಎಂದು ನಿಮಗೆ ತಿಳಿದಿರಲಿ.

ಅಕ್ಕನ ಮನೆಯ ಮುಂದಿನ ಅರ್ಧ ಮನುಷ್ಯರಿಗೆ, ಹಿಂದಿನ ಅರ್ಧ ಮಗ್ಗಗಳಿಗೆ. ನಾಲ್ಕು ಪವರ್‌ಲೂಮ್‌ಗಳು. ಆ ಬೀದಿಯ ಎಲ್ಲ ಮನೆಗಳೂ ಹಾಗೆಯೇ. ಬೆಳಗ್ಗೆ ಶುರುವಾದ ಟಕಾಟಕ್ ಸದ್ದು ನೆಲದಿಂದ ಹತ್ತಿ ಹಲ್ಲಿನವರೆಗೆ ಬರುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದೇ ಇಲ್ಲ. ಕರೆಂಟು ಹೋದಾಗ ಮಾತ್ರ ಏನೋ ಆಯಿತಲ್ಲ ಎಂದು ಬೆಚ್ಚುತ್ತಾರೆ. ಆ ಬೀದಿಯಲ್ಲಿ ಕರೆಂಟು ಹೋದರೆ ತೊಟ್ಟಿಲ ಮಕ್ಕಳು ಎದ್ದು ಅಳುತ್ತವೆ. ಇಂಥ ಮನೆಯಲ್ಲಿ ನಲವತ್ತು ವರ್ಷ ಸೀರೆ ನೇಯ್ದ ಭಾವ ಒಂದು ದಿನ ಜರಿ ತರಲೆಂದು ಬೆಂಗಳೂರಿಗೆ ಹೋದವರು, ಜರಿ ಬಿಟ್ಟು ಕ್ಯಾಮೆರಾ ತಂದರು. ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡಿತಂತೆ. ಜರಿ ಎಲ್ಲಿ ಎಂದು ಅಕ್ಕ ಕೇಳಿದಳು. ಭಾವ ಜೇಬಿನಿಂದ ಅದನ್ನು ತೆಗೆದು, ಗುಂಡಿ ಒತ್ತಿ, ಬಾಗಿಲು ಬಿದ್ದು ಮೂಗು ಹೊರಬರುವುದನ್ನು ತೋರಿಸಿದರು. ಆ ವಾರ ಒಂದು ಮಗ್ಗ ನಿಂತಿತು, ಅಕ್ಕನ ಮಾತೂ ನಿಂತಿತು. ಎರಡನೆಯದು ನಿಂತದ್ದು ಭಾವನಿಗೆ ಗೊತ್ತಾಗಲಿಲ್ಲ.

ಅಂಥದ್ದೇನಿದೆ ಅದರಲ್ಲಿ? ಈ ಪ್ರಶ್ನೆಯನ್ನು ನಾನು ಒಂದೇ ಒಂದು ಸಲ ಕೇಳಿದೆ. ಅಂದು ಊಟಕ್ಕೆ ಕೂರುವಾಗ ಮೂರೂವರೆ ಗಂಟೆ.

ಮೊದಲು ಅದನ್ನು ಮುಚ್ಚಿದ ಸ್ಥಿತಿಯಲ್ಲಿ ನನ್ನ ಅಂಗೈ ಮೇಲಿಟ್ಟರು. ಒಂದು ಕಪ್ಪು ಡಬ್ಬಿ, ಅಂಚುಗಳಲ್ಲಿ ಚರ್ಮ ಸವೆದು ಹಿತ್ತಾಳೆ ಇಣುಕುತ್ತಿತ್ತು. ನೋಡಿದಷ್ಟಕ್ಕಿಂತ ಭಾರ. ಗುಂಡಿ ಒತ್ತಲು ಹೇಳಿದರು. ಒತ್ತಿದೆ. ಮುಂಬಾಗಿಲು ಕೆಳಗೆ ಬಿತ್ತು, ಅದರ ಹಿಂದೆಯೇ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮ ಬಿಚ್ಚಿಕೊಂಡು, ಅದರ ತುದಿಯಲ್ಲಿದ್ದ ಗಾಜಿನ ಕಣ್ಣು ತನ್ನ ಜಾಗಕ್ಕೆ ಬಂದು ಖಟ್ ಎಂದು ನಿಂತಿತು. ಅಂಗೈಯಗಲದ ಡಬ್ಬಿಯೊಳಗೆ ಇಷ್ಟೆಲ್ಲ ಹೇಗಿತ್ತು? ಮತ್ತೆ ಎರಡು ಕಡ್ಡಿಗಳನ್ನು ಅಮುಕಿ ಬಾಗಿಲು ಮೇಲೆತ್ತಿದರೆ ಏನೂ ಆಗದಂತೆ ಮುಚ್ಚಿಕೊಂಡುಬಿಟ್ಟಿತು. ಭಾವ ಸೀರೆ ನೇಯುವವರು. ಅವರ ವಾದವೂ ಸೀರೆಯದೇ.

"ಸೀರೆ ಮಡಚಿದ್ರೆ ಅಂಗೈ ಮೇಲೆ ಕೂತ್ಕೊಳ್ಳುತ್ತೆ, ಬಿಚ್ಚಿದ್ರೆ ಮದ್ವೆ ಮನೆ. ಇದೂ ಹಂಗೇ ಕಣೋ. ದೊಡ್ಡದು ಮಾಡೋದು ಯಾರ್ ಬೇಕಾದ್ರೂ ಮಾಡ್ತಾರೆ. ದೊಡ್ಡದ್ನ ಚಿಕ್ಕದಾಗಿ ಮಡಚಿ, ಬಿಚ್ಚಿದಾಗ ಕೆಟ್ಟಿರಬಾರ್ದು ನೋಡು, ಅದು ಕೆಲ್ಸ."

ಕೆಲಸ ಮುಗಿದ ಮೇಲೆ ಮುಖ ಮುಚ್ಚಿಕೊಂಡು ಜೇಬಿನಲ್ಲಿ ಕುಳಿತುಕೊಳ್ಳುವ ವಸ್ತು ಇನ್ನೊಂದಿದ್ದರೆ ತೋರಿಸು ಎಂದು ಸವಾಲನ್ನೂ ಹಾಕಿದರು. ಚರ್ಮದ ಮಡಿಕೆಗಳಲ್ಲಿ ತೂತು ಬಿದ್ದರೆ ಅವರು ಅದರೊಳಗೆ ಪುಟ್ಟ ಬಲ್ಬು ಇಳಿಬಿಟ್ಟು, ಉಗ್ರಾಣದ ಕತ್ತಲಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಎಳೆ ತಪ್ಪಿದ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ. ತೂತು ಸಿಕ್ಕರೆ ಅಕ್ಕ ಸೀರೆಯ ಫಾಲ್ಸ್‌ಗೆಂದು ತಂದಿಟ್ಟ ಕಪ್ಪು ಬಟ್ಟೆಯಿಂದ ಸಾಸಿವೆಯಷ್ಟು ಕತ್ತರಿಸಿ ಅಂಟಿಸುತ್ತಾರೆ. ಇಷ್ಟೆಲ್ಲ ಕೇಳಿದ ಮೇಲೆ ನಾನು ಆ ಡಬ್ಬಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಹನ್ನೊಂದು ಸಲ ಮಾಡಿದೆ. ಅಡುಗೆಮನೆ ಬಾಗಿಲಲ್ಲಿ ಅಕ್ಕ ನಿಂತು ನೋಡುತ್ತಿದ್ದಳು. ತಕ್ಷಣ ಕೆಳಗಿಟ್ಟೆ. ಇಂಥವು ಅಂಟುರೋಗ, ಮನೆಗೊಬ್ಬರಿಗೆ ಬಂದರೆ ಸಾಕು.

ರಿಪೇರಿಗೆ ಭಾವ ಬಳಸುವ ಮುಖ್ಯ ಸಲಕರಣೆ ಅಕ್ಕನ ಇಡ್ಲಿ ತಟ್ಟೆ. ಬಿಚ್ಚಿದ ಸ್ಕ್ರೂಗಳನ್ನು ಕ್ರಮವಾಗಿ ಒಂದೊಂದು ಕುಳಿಯಲ್ಲಿ ಇಡಲು ಅದಕ್ಕಿಂತ ಅನುಕೂಲವಾದದ್ದು ಜರ್ಮನಿಯಲ್ಲೂ ಸಿಗುವುದಿಲ್ಲವೆಂದು ಅವರ ಅಭಿಪ್ರಾಯ. ಒಂದು ಬೆಳಗ್ಗೆ ಅವರ ತಮ್ಮ ತಿಂಡಿಗೆ ಬಂದು ಇಡ್ಲಿ ಕಚ್ಚಿದಾಗ ಕಟಕ್ ಎಂದಿತು. ಎಳ್ಳಿಗಿಂತ ಚಿಕ್ಕದೊಂದು ಸ್ಕ್ರೂ. ಅವರು ಹಲ್ಲು ಹಿಡಿದುಕೊಂಡು ಕುಳಿತಿದ್ದರೆ ಭಾವ ಓಡಿಬಂದು ಅವರ ಬಾಯಿಯ ಕೆಳಗೆ ಅಂಗೈ ಒಡ್ಡಿದರು. ಮೂರು ದಿನದಿಂದ ಹುಡುಕುತ್ತಿದ್ದದ್ದು ಅದೇ ಸ್ಕ್ರೂ! ತಮ್ಮನ ಹಲ್ಲಿನ ವಿಷಯ ವಿಚಾರಿಸಿದ್ದು ಮಧ್ಯಾಹ್ನದ ಮೇಲೆ.

ಇನ್ನೊಂದು ಸಂಗತಿ. ಆ ಪುಟಾಣಿಗಳಲ್ಲಿ ಕೆಲವಕ್ಕೆ ಬೇಕಾದ ಕಿರಿದಗಲದ ಫಿಲ್ಮು ಈಗ ಅಂಗಡಿಗಳಲ್ಲಿ ಸಿಗುವುದಿಲ್ಲ. ದೊಡ್ಡ ಫಿಲ್ಮು ತರಿಸಿ ಉದ್ದಕ್ಕೆ ಸೀಳಿ ಸಣ್ಣದು ಮಾಡಿಕೊಳ್ಳಬೇಕು. ಅದಕ್ಕೆ ಗವ್ವನೆ ಕತ್ತಲು ಬೇಕು, ಒಂದು ಗೆರೆ ಬೆಳಕು ಬಿದ್ದರೂ ಫಿಲ್ಮು ಹಾಳು. ಶೀಟಿನ ಮನೆಯಲ್ಲಿ ಹಗಲಲ್ಲಿ ಅಂಥ ಕತ್ತಲು ಎಲ್ಲಿಂದ ತರುವುದು? ಬೇಸಿಗೆಯ ಒಂದು ಮಧ್ಯಾಹ್ನ ಭಾವ ಮಂಚದ ಮೇಲೆ ಮೂರು ಕಂಬಳಿ ಹೊದ್ದು, ಅಂಚುಗಳನ್ನೆಲ್ಲ ಮೈಕೆಳಗೆ ಸಿಕ್ಕಿಸಿಕೊಂಡು, ಬ್ಲೇಡು ಹಿಡಿದು ಒಳಗೆ ಕುಳಿತರು. ಸರಿಯಾಗಿ ಆಗಲೇ ನಂದಗುಡಿಯಿಂದ ಬೀಗರು, ಅಂದರೆ ಮಗಳ ಅತ್ತೆ ಮಾವ, ಒಂದು ಚೀಲ ಬೀನ್ಸು ಟೊಮೇಟೊ ಹೊತ್ತುಕೊಂಡು ಹೇಳದೆ ಕೇಳದೆ ಬಂದಿಳಿದರು. ನೋಡಿದರೆ ಮಂಚದ ಮೇಲೆ ಕಂಬಳಿಯ ಗುಡ್ಡೆ ಅಲುಗಾಡುತ್ತಿದೆ! ಬೀಗರು ಗಾಬರಿಯಾಗಿ ಹತ್ತಿರ ಹೋಗಿ, ಏನಾಯಿತು ಎಂದು ಕಂಬಳಿಯ ತುದಿಗೆ ಕೈಹಾಕಿದರು.

"ಮುಟ್ಬೇಡಿ," ಎಂದಿತು ಗುಡ್ಡೆ. "ಬೆಳಕು ಬಂದ್ರೆ ಎಲ್ಲಾ ಹಾಳಾಗೋಗುತ್ತೆ."

ಜ್ವರ ತಲೆಗೇರಿದೆ ಎಂದು ಬೀಗರು ತೀರ್ಮಾನಿಸಿದ್ದರಲ್ಲಿ ಅವರ ತಪ್ಪಿಲ್ಲ. ಅಕ್ಕನಿಗೆ ಎರಡೇ ದಾರಿ: ಗಂಡನಿಗೆ ಜ್ವರ ಎನ್ನುವುದು, ಇಲ್ಲವೇ ಇದ್ದದ್ದನ್ನು ಇದ್ದಂತೆ ಹೇಳುವುದು. ಯಾವುದು ಮರ್ಯಾದೆ? ಅವಳು ಜ್ವರವನ್ನೇ ಆರಿಸಿಕೊಂಡಳು. ಅರ್ಧ ಗಂಟೆಯಾದ ಮೇಲೆ ಭಾವ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ, ನಗುತ್ತಾ ಹೊರಗೆ ಬಂದರು. ಬೆವರಿದೆ, ಇನ್ನು ಭಯವಿಲ್ಲ ಎಂದು ಬೀಗಿತಿ ದೇವರಿಗೆ ಕೈಮುಗಿದರು. ಸುದ್ದಿ ನಂದಗುಡಿ ತಲುಪಿ, ಅಲ್ಲಿಂದ ನೆಂಟರಿಷ್ಟರಿಗೆ ಹರಡಿ, ಮುಂದಿನ ನಾಲ್ಕು ದಿನ ಮೂಸಂಬಿ ಹಿಡಿದುಕೊಂಡು ಬಂದವರಿಗೆ ಕೊನೆಯಿರಲಿಲ್ಲ. ಆ ಭಾನುವಾರ ಹೋದ ನಾನು ನೀರು ಕೇಳಿದ್ದಕ್ಕೂ ಅಕ್ಕ ಮೂಸಂಬಿ ರಸವನ್ನೇ ಕೊಟ್ಟಳು.

ಇಷ್ಟೆಲ್ಲ ಪಟ್ಟ ಕಷ್ಟಕ್ಕೆ ಫೋಟೋ ಹೇಗೆ ಬರುತ್ತವೆ ಎಂದು ಕೇಳುತ್ತೀರಾ? ಅದೊಂದನ್ನು ಕೇಳಬೇಡಿ. ಆ ಕ್ಯಾಮೆರಾಗಳಲ್ಲಿ ಒಂದು ಚಿತ್ರ ತೆಗೆದ ಮೇಲೆ ಪಕ್ಕದಲ್ಲಿರುವ ಕಿವಿಯಂಥ ಗುಂಡಿ ತಿರುಪಿ ಫಿಲ್ಮನ್ನು ಮುಂದಕ್ಕೆ ಸುತ್ತಬೇಕು. ಸುತ್ತದಿದ್ದರೆ ಮುಂದಿನ ಚಿತ್ರ ಹಿಂದಿನದರ ಮೇಲೆಯೇ ಕೂರುತ್ತದೆ. ಭಾವನಿಗೆ ಇದು ನೆನಪಿರುವುದೇ ಇಲ್ಲ. ಕಾರಣ ಮರೆವಲ್ಲ, ಮಗ್ಗ. ಪವರ್‌ಲೂಮಿನಲ್ಲಿ ನೇಯ್ದಷ್ಟು ಬಟ್ಟೆಯನ್ನು ಮಗ್ಗವೇ ಸುತ್ತಿಕೊಳ್ಳುತ್ತದೆ, ನೇಯುವವನು ಕೈಹಾಕಬೇಕಾಗಿಲ್ಲ. ನಲವತ್ತು ವರ್ಷ ತಾನಾಗಿ ಸುತ್ತಿಕೊಳ್ಳುವ ವಸ್ತುವಿನ ಜೊತೆ ಸಂಸಾರ ಮಾಡಿದವರಿಗೆ ಸುತ್ತಬೇಕೆಂದು ಹೊಳೆಯುವುದಾದರೂ ಹೇಗೆ? ಕೈಮಗ್ಗದಲ್ಲಿ ಕುಳಿತಿದ್ದ ಅವರ ತಂದೆಯಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ.

ಮಗಳ ಸೀಮಂತದಲ್ಲಿ ಹಾಗೆಯೇ ಆಯಿತು. ತೊಳೆಸಿ ತಂದ ಚಿತ್ರದಲ್ಲಿ ಬಸುರಿ ಮಗಳ ತೊಡೆಯ ಮೇಲೆ ಪುರೋಹಿತರು ಕುಳಿತು ಮಂತ್ರ ಹೇಳುತ್ತಿದ್ದರು, ಪಾಯಸದ ಪಾತ್ರೆಯೊಳಗಿಂದ ಬೀಗಿತಿ ಮೇಲೇಳುತ್ತಿದ್ದರು. ಅಕ್ಕ ಅದನ್ನು ಅಕ್ಕಿ ಡಬ್ಬದ ತಳದಲ್ಲಿ ಬಚ್ಚಿಟ್ಟಳು. ಆದರೂ ಬೀಗಿತಿಯ ಕಣ್ಣಿಗೆ ಬಿತ್ತು. ಅವರು ಸ್ವಲ್ಪ ದಪ್ಪಗಿನ ಹೆಂಗಸು. ಚಿತ್ರದಲ್ಲಿ ಅವರ ಮೈ ಪಾರದರ್ಶಕವಾಗಿ, ಅದರಾಚೆ ಪಾತ್ರೆಯ ಅಂಚು ಕಾಣುತ್ತಿತ್ತು. ಬಹಳ ಹೊತ್ತು ನೋಡಿ, ನನ್ನನ್ನು ಇಷ್ಟು ತೆಳ್ಳಗೆ ಇದುವರೆಗೆ ಯಾರೂ ತೆಗೆದಿರಲಿಲ್ಲ ಎಂದರಂತೆ. ಈಗ ಅದು ನಂದಗುಡಿಯ ಮನೆಯ ಹಜಾರದಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ.

ನಿಜ ಹೇಳಬೇಕೆಂದರೆ ಭಾವನಿಗೆ ಫೋಟೋ ಮುಖ್ಯವಲ್ಲ. ಅವರಿಗೆ ಮುಖ್ಯವಾದದ್ದು ಒಂದು ಸೆಕೆಂಡು. ಈ ಕ್ಯಾಮೆರಾಗಳ ಶಟರಿನಲ್ಲಿ ಕೈಗಡಿಯಾರದೊಳಗೆ ಇರುವಂಥ ಪುಟ್ಟ ಹಲ್ಲಿನ ಚಕ್ರಗಳಿವೆ. ಕತ್ತಲಿರುವ ಜಾಗದಲ್ಲಿ ಚಿತ್ರ ತೆಗೆಯಲು ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ, ಆ ಚಕ್ರಗಳು ಜ್ಝಿರ್ರ್ ಎಂದು ತಿರುಗಿ, ಸರಿಯಾಗಿ ಒಂದು ಸೆಕೆಂಡಿಗೆ ಕಣ್ಣು ಮುಚ್ಚಬೇಕು. ಹಳೆಯದಾದಂತೆ ಒಳಗಿನ ಎಣ್ಣೆ ಗಟ್ಟಿಯಾಗಿ ಅದು ನಡುವೆ ತಡವರಿಸುತ್ತದೆ, ಇಲ್ಲ ನಿಂತೇಬಿಡುತ್ತದೆ. ಅದನ್ನು ಶುದ್ಧಮಾಡಿ, ಆ ಜ್ಝಿರ್ರ್ ಎಲ್ಲೂ ಎಡವದೆ ಒಂದೇ ಎಳೆಯಾಗಿ ಬರುವಂತೆ ಮಾಡುವುದು ಭಾವನ ಪರಮಾನಂದ. ಕಿವಿಯಲ್ಲೇ ಅಳೆಯುತ್ತಿದ್ದರು. ಮಗ್ಗಗಳು ಓಡುವಾಗ ಅದು ಕೇಳಿಸುವ ಮಾತೇ ಇಲ್ಲವಾದ್ದರಿಂದ ಅವರ ರಿಪೇರಿಯ ಸಮಯ ಕರೆಂಟು ಹೋದ ಹೊತ್ತು. ಬೀದಿಯವರೆಲ್ಲ ಕರೆಂಟಿನವರನ್ನು ಬೈಯುವಾಗ ನಮ್ಮ ಭಾವ ಒಬ್ಬರೇ ಹಿಗ್ಗಿ ಇಡ್ಲಿ ತಟ್ಟೆ ಹುಡುಕುತ್ತಿದ್ದರು.

ಹೋದ ವರ್ಷ ಸಮೇತನಹಳ್ಳಿಯಿಂದ ಒಬ್ಬರು ನಿವೃತ್ತ ಮೇಷ್ಟ್ರು ಹುಡುಕಿಕೊಂಡು ಬಂದರು. ಕೈಯಲ್ಲಿ ಅವರ ತಂದೆಯ ಕಾಲದ ಮಡಚುವ ಕ್ಯಾಮೆರಾ. ಅದು ಮತ್ತೆ ಕೆಲಸ ಮಾಡುವುದನ್ನು ನೋಡಬೇಕೆಂದು ಅವರಾಸೆ. ಹದಿನೈದು ದಿನ ಬಿಟ್ಟು ಬನ್ನಿ ಎಂದು ಭಾವ ಇಟ್ಟುಕೊಂಡರು. ಮೇಷ್ಟ್ರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಭಾನುವಾರವಾದ್ದರಿಂದ ನಾನೂ ಅಲ್ಲೇ ಇದ್ದೆ. ಭಾವ ಒಂದು ಸೆಕೆಂಡಿಗೆ ಇಟ್ಟು, ಕಿವಿಯ ಹತ್ತಿರ ಹಿಡಿದು ಒತ್ತಿದರು. ಪೂರ್ತಿ ಸತ್ತಿದೆ, ಚಕ್ರ ತಿರುಗುತ್ತಲೇ ಇಲ್ಲ ಎಂದರು. ತಿರುಗುತ್ತಿದೆಯಲ್ಲ, ನಡುವೆ ಒಂದು ಕಡೆ ಎಡವುತ್ತದೆ ಅಷ್ಟೇ ಎಂದೆ. ನನಗೆ ಅದು ಎರಡು ಮಾರು ದೂರದಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು. ಭಾವ ಇನ್ನೊಮ್ಮೆ ಒತ್ತಿದರು. ಈ ಸಲ ಕ್ಯಾಮೆರಾವನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ಈಗ ಕೇಳ್ಸಿತಾ ನಿಂಗೆ?"

"ಕೇಳ್ಸಿತು ಭಾವ."

ಆಮೇಲೆ ಅವರು ತಮ್ಮ ಇಪ್ಪತ್ತೊಂದನ್ನೂ ಬೀರುವಿನಿಂದ ತೆಗೆದು ಒಂದೊಂದಾಗಿ ಕಿವಿಗಿಟ್ಟು ಒತ್ತಿ ನೋಡಿದರು. ನನಗೆ ಇಪ್ಪತ್ತೊಂದೂ ಕೇಳಿಸಿದವು.

ಡಾಕ್ಟರಿಗೆ ಇದು ಹೊಸದೇನೂ ಆಗಿರಲಿಲ್ಲ. ಮಗ್ಗದ ಮನೆಯವರ ಕಿವಿಯೇ ಹೀಗೆ, ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ಹೋದದ್ದು ಬರುವುದಿಲ್ಲ ಎಂದರು. ಮನುಷ್ಯರ ಮಾತೂ ಮಸುಕಾಗುತ್ತಿದ್ದದ್ದು ಭಾವನಿಗೆ ಗೊತ್ತೇ ಆಗಿರಲಿಲ್ಲ, ಏಕೆಂದರೆ ಮಗ್ಗದ ಸದ್ದಿನಲ್ಲಿ ಅಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲವೂ ಕೈಸನ್ನೆ. ಎರಡು ಬೆರಳು ತಿರುಚಿದರೆ ಎಳೆ ಕಡಿದಿದೆ ಎಂದು, ಅಂಗೈ ಚಪ್ಪಟೆ ಮಾಡಿ ಮುಂದೆ ಸರಿಸಿದರೆ ಓಡಲಿ ಬಿಡು ಎಂದು. ಅಕ್ಕ ಊಟಕ್ಕೆ ಕರೆಯುವುದೂ ಸನ್ನೆಯಲ್ಲೇ, ಬೈಯುವುದೂ ಸನ್ನೆಯಲ್ಲೇ. ಮಾತು ಹೋದರೆ ಹೋಯಿತು ಎಂದುಕೊಳ್ಳಬಹುದಿತ್ತು. ಆದರೆ ಆ ಒಂದು ಸೆಕೆಂಡು? ಅದು ಕೇಳದಿದ್ದರೆ ರಿಪೇರಿ ಇಲ್ಲ, ರಿಪೇರಿ ಇಲ್ಲವಾದರೆ ಭಾವನಿಗೆ ಮಗ್ಗದಾಚೆ ಏನೂ ಇಲ್ಲ. ಮೇಷ್ಟ್ರ ಕ್ಯಾಮೆರಾವನ್ನೂ ಸೇರಿಸಿ ಎಲ್ಲವನ್ನೂ ಬೀರುವಿನಲ್ಲಿಟ್ಟು, ಬೀಗದ ಕೈ ಅಕ್ಕನಿಗೆ ಕೊಟ್ಟರು. ಯಾರಾದರೂ ಬೇಕೆನ್ನುವವರು ಸಿಕ್ಕರೆ ಕೊಟ್ಟುಬಿಡೋಣ ಎಂದರಂತೆ.

ಕರೆಂಟು ಹೋದಾಗ ಈಗ ಅವರು ಜಗಲಿಗೆ ಬಂದು ಕೂರುತ್ತಿದ್ದರು. ಬೀದಿಯವರ ಜೊತೆ ಸೇರಿ ಕರೆಂಟಿನವರನ್ನು ಬೈಯಲು ಕೂಡ ಕಲಿತರು. ಅದನ್ನು ಕಂಡಾಗ ನನಗೇ ಒಂಥರಾ ಆಯಿತು.

ಕಿವಿಗೆ ಹಾಕುವ ಯಂತ್ರ ಕೊಡಿಸಿದೆವು. ಮೊದಲ ದಿನ ಹಾಕಿಕೊಂಡು ಮನೆಯೆಲ್ಲ ಸುತ್ತಿ, ನಲ್ಲಿ ತೊಟ್ಟಿಕ್ಕುವುದನ್ನು ಕೇಳಿದರು, ತಮ್ಮ ಚಪ್ಪಲಿಯ ಸದ್ದಿಗೆ ತಾವೇ ಹಿಂತಿರುಗಿ ನೋಡಿದರು. ಅಡುಗೆಮನೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ಬಂದು ನನ್ನ ಪಕ್ಕ ಕುಳಿತರು.

"ನಿಮ್ಮಕ್ಕ ಒಳಗೆ ಒಬ್ಳೇ ಇಷ್ಟೊಂದು ಮಾತಾಡ್ತಾಳಾ?"

ಮೂವತ್ತು ವರ್ಷದಿಂದ ಮಾತಾಡುತ್ತಿದ್ದಾಳೆ ಎಂದೆ. ಯಾರ ವಿಷಯ ಎಂದು ಕೇಳಿದರು. ನಿಮ್ಮ ವಿಷಯವೇ ಎಂದೆ. ಮೆಲ್ಲಗೆ ಯಂತ್ರ ಕಳಚಿ ಜೇಬಿಗೆ ಹಾಕಿಕೊಂಡರು. ಅಸಲು ಕಷ್ಟ ಅದಲ್ಲ. ಆ ಯಂತ್ರದಲ್ಲಿ ಶಟರಿನ ಸದ್ದು ತಗಡು ಗೀಚಿದಂತೆ ಕೇಳುತ್ತಿತ್ತಂತೆ, ಒಂದು ಸೆಕೆಂಡೂ ಅರ್ಧ ಸೆಕೆಂಡೂ ಒಂದೇ. ಫೋನಿನಲ್ಲಿ ಇದನ್ನು ಅಳೆಯುವ ಆ್ಯಪ್ ಇದೆ ಎಂದು ನಾನು ಹುಡುಕಿ ತೋರಿಸಿದೆ. ಭಾವ ನನ್ನನ್ನು ನೋಡಿದ ನೋಟಕ್ಕೆ ಫೋನು ಒಳಗಿಟ್ಟೆ. ಅತ್ತೆಯನ್ನು ಮನೆಯಿಂದ ಹೊರಗೆ ಹಾಕಿದ ಸೊಸೆಯನ್ನೇ ಕರೆದು ಅತ್ತೆಯ ಅಡುಗೆಗೆ ಅಂಕ ಹಾಕಿಸಿದ ಹಾಗೆ ಆಗುತ್ತಿತ್ತೇನೋ!

ಅದಾದ ಮೇಲೆ ಗೋದಾಮಿನಲ್ಲಿ ಕೆಲಸ ಹೆಚ್ಚಿ ನಾನು ಕೆಲವು ತಿಂಗಳು ದೊಡ್ಡಬಳ್ಳಾಪುರದ ಕಡೆ ಹೋಗಲಿಲ್ಲ. ಹೋದದ್ದು ಮೊನ್ನೆ ಒಂದು ಭಾನುವಾರ. ಭಾವ ಮುಂದಿನ ಕೋಣೆಯಲ್ಲಿ ಮಲಗಿದ್ದರು, ಹಿಂದೆ ಮಗ್ಗಗಳು ಓಡುತ್ತಿದ್ದವು. ಅಡುಗೆಮನೆಗೆ ಹೋದರೆ ಅಕ್ಕ ಒಲೆಯ ಪಕ್ಕ ಮಣೆ ಹಾಕಿಕೊಂಡು ಕುಳಿತಿದ್ದಾಳೆ. ಕೆನ್ನೆಗೆ ಮೇಷ್ಟ್ರ ಕ್ಯಾಮೆರಾ ಒತ್ತಿ ಹಿಡಿದಿದ್ದಾಳೆ, ಕಣ್ಣು ಗೋಡೆ ಗಡಿಯಾರದ ಸೆಕೆಂಡು ಮುಳ್ಳಿನ ಮೇಲಿದೆ. ನನ್ನನ್ನು ಕಂಡು ಕದ್ದು ಬೆಲ್ಲ ತಿಂದವಳ ಹಾಗೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಮೇಲೆ ನಾನು ಬಿಡುವುದಿಲ್ಲವೆಂದು ಗೊತ್ತಾಗಿ ಹತ್ತಿರ ಕರೆದು ಹೇಳಿದಳು. ಬೀಗದ ಕೈ ಅವಳ ಬಳಿಯೇ ಇತ್ತಲ್ಲ. ಒಂದು ದಿನ ತೆಗೆದು, ನನಗೆ ಕೇಳಿಸುತ್ತದೆ, ನೀವು ರಿಪೇರಿ ಮಾಡಿ, ಸರಿಯಾಯಿತೋ ಇಲ್ಲವೋ ನಾನು ಹೇಳುತ್ತೇನೆ ಎಂದಳಂತೆ. ಹಾಗೆ ಮತ್ತೆ ಶುರುವಾಗಿತ್ತು.

"ನಿಂಗೆ ಅಷ್ಟು ಚೆನ್ನಾಗಿ ಕೇಳ್ಸುತ್ತಾ?" ಎಂದು ಕೇಳಿದೆ.

"ಎಲ್ಲಿ ಕೇಳ್ಸುತ್ತೆ? ನಾನೇನು ಬೇರೆ ಮನೇಲಿದ್ನಾ? ನನ್ ಕಿವೀನೂ ಅಷ್ಟೇ ಕಣೋ," ಎಂದಳು. "ಕೆನ್ನೆ ಮೂಳೆಗೆ ಇಟ್ಕೊಂಡ್ರೆ ಒಳಗೆ ಅದುರೋದು ಗೊತ್ತಾಗುತ್ತೆ. ದಿನಾ ಗಡಿಯಾರ ನೋಡ್ಕೊಂಡು ಕಲ್ತೆ. ಅವರು ಸುಮ್ನೆ ಕೂತ್ಬಿಟ್ರೆ ಈ ಮನೆ ಮನೆ ಥರಾನೇ ಇರಲ್ಲ. ನೀನು ನಿಮ್ ಭಾವನ ಮುಂದೆ ಬಾಯ್ ಬಿಡ್ಬೇಡ, ನಂಗೆ ಕೇಳ್ಸುತ್ತೆ ಅಂತ್ಲೇ ನಂಬ್ಕೊಂಡವ್ರೆ."

ಊಟವಾದ ಮೇಲೆ ಕರೆಂಟು ಹೋಯಿತು. ಬೀದಿಯೇ ತಟ್ಟನೆ ನಿಶ್ಶಬ್ದವಾಯಿತು. ಭಾವ ಕ್ಯಾಮೆರಾ ಮತ್ತು ಇಡ್ಲಿ ತಟ್ಟೆ ಹಿಡಿದು ಮಗ್ಗದ ಕೋಣೆಗೆ ನಡೆದರು, ಅಕ್ಕ ಕೈ ಒರೆಸಿಕೊಂಡು ಹಿಂದೆ ಹೋದಳು, ನಾನೂ ಹೋದೆ. ಭಾವ ಮೂಲೆಗೆ ತಿರುಗಿ ಒಳಗೆ ಏನೋ ತಿರುಪಿ, ಬಂದು ಅವಳ ಎದುರು ಕುಳಿತು ಕ್ಯಾಮೆರಾ ಕೊಟ್ಟರು. ಅವಳು ಕೆನ್ನೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಭಾವ ಕೈಚಾಚಿ ಒತ್ತಿದರು. ನಡುವೆ ಎಡವಿದ್ದು ನನಗೆ ಕೇಳಿಸಿತು. ಅಕ್ಕ ಕಣ್ಣು ತೆರೆಯದೆಯೇ ಎರಡು ಬೆರಳು ತಿರುಚಿದಳು, ಎಳೆ ಕಡಿದಿದೆ. ಭಾವ ಏನೋ ಸರಿಪಡಿಸಿ ಮತ್ತೆ ಕೊಟ್ಟರು. ಮತ್ತೆ ಅದೇ ಸನ್ನೆ. ಮೂರನೆಯ ಸಲ ಜ್ಝಿರ್ರ್ ಎಂದು ಒಂದೇ ಎಳೆಯಾಗಿ ಬಂತು. ಅಕ್ಕ ಅಂಗೈ ಚಪ್ಪಟೆ ಮಾಡಿ ಮುಂದಕ್ಕೆ ಸರಿಸಿದಳು. ಅವಳ ಕೆನ್ನೆ ನನ್ನ ಕಿವಿಗಿಂತ ಕಡಿಮೆಯಿರಲಿಲ್ಲ. ಭಾವ ಮಾತ್ರ ತೃಪ್ತರಾಗದೆ ಇನ್ನೊಂದು ಸಲ ಎಂದರು. ಮತ್ತೆ ಇನ್ನೊಂದು ಸಲ. ಹೀಗೆ ಕರೆಂಟು ಬರುವವರೆಗೂ ನಡೆಯಿತು. ಇಂಥ ಸಂಶಯಪಿಶಾಚಿ ಗಂಡನ ಜೊತೆ ನಮ್ಮಕ್ಕ ಹೇಗೆ ಬಾಳಿದಳೋ ಎಂದುಕೊಂಡೆ.

ಸಂಜೆ ಭಾವ ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು. ದಾರಿಯಲ್ಲಿ ಅವರಿಗೆ ಕಾಣುವಂತೆ ಮುಖ ತಿರುಗಿಸಿ, ಅದು ಮೂರನೆಯ ಸಲಕ್ಕೇ ಸರಿಯಾಗಿತ್ತಲ್ಲ ಎಂದೆ.

"ಅದು ಸರಿಹೋಗಿ ಎರಡು ತಿಂಗಳಾಯ್ತು," ಎಂದರು ಭಾವ. "ಕರೆಂಟ್ ಹೋದ ತಕ್ಷಣ ನಾನೇ ಒಂಚೂರು ಕೆಡಿಸಿ ಕೊಡ್ತೀನಿ."

ನಾನು ನಿಂತುಬಿಟ್ಟೆ. ಭಾವ ನಿಲ್ಲಲಿಲ್ಲ. ನಡೆಯುತ್ತಲೇ, ನಿಮ್ಮಕ್ಕನಿಗೂ ಕೇಳಿಸುವುದಿಲ್ಲ, ನನಗೆ ಗೊತ್ತು ಎಂದರು. ಅವಳು ಇಟ್ಟುಕೊಂಡ ಹಾಗೆ ತಾವೂ ಒಂದು ದಿನ ಕೆನ್ನೆಗೆ ಇಟ್ಟು ನೋಡಿದರಂತೆ. ತಮಗೂ ಚೆನ್ನಾಗಿ ಗೊತ್ತಾಗುತ್ತದಂತೆ.

"ಮತ್ತೆ ನೀವೇ ಇಟ್ಕೊಂಡು ನೋಡ್ಕೋಬೋದಲ್ಲ ಭಾವ?"

ಭಾವ ನಡೆಯುತ್ತಲೇ ಅಂಗೈಯನ್ನು ತಮ್ಮ ಕೆನ್ನೆಗೆ ಇಟ್ಟು ತೋರಿಸಿದರು.

"ಕೆನ್ನೇಗೆ ಇಟ್ಕೊಂಡು ಕಣ್ ಮುಚ್ತಾಳಲ್ಲ," ಎಂದರು. "ಮದ್ವೆ ಆದಾಗಿಂದ ಅವಳು ಹಂಗೆ ಸುಮ್ನೆ ಕೂತಿದ್ದು ನಾನು ನೋಡೇ ಇರ್ಲಿಲ್ಲ ಕಣೋ."

ಮೇಷ್ಟ್ರು ಪಾಪ ಕಾಯುತ್ತಿರುತ್ತಾರಲ್ಲ ಎಂದು ಕೇಳಬೇಕೆಂದು ಬಾಯಿ ತೆರೆದೆ. ಅವರೇ ಹೇಳಿದರು: ಮೇಷ್ಟ್ರಿಗೆ ತಮ್ಮದೊಂದು ಕ್ಯಾಮೆರಾ ಕೊಟ್ಟು ಕಳಿಸಿದ್ದಾರಂತೆ, ಅಲ್ಲಿಯವರೆಗೆ ಅದರಲ್ಲಿ ತೆಗೆಯುತ್ತಿರಲಿ ಎಂದು. ತಮ್ಮ ಕ್ಯಾಮೆರಾವನ್ನು ಯಾರ ಕೈಗೂ ಕೊಡದಿದ್ದ ಮನುಷ್ಯ! ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು ನೋಡಿದರೆ ಭಾವ ಆಗಲೇ ಮನೆಯ ಕಡೆ ತಿರುಗಿದ್ದರು.

ನಿನ್ನೆ ಸಮೇತನಹಳ್ಳಿಯ ಮೇಷ್ಟ್ರು ನನಗೆ ಫೋನು ಮಾಡಿದ್ದರು. ನಿಮ್ಮ ಭಾವನನ್ನು ಕೇಳಿದರೆ ಮುಂದಿನ ವಾರ ಮುಂದಿನ ವಾರ ಎನ್ನುತ್ತಾರೆ, ನೀವು ಹೋಗಿ ನೋಡಿ ಬಂದಿರಂತೆ, ಎಲ್ಲಿಗೆ ಬಂತು ಎಂದು ಕೇಳಿದರು. ನಾನು, ಎಲ್ಲ ಆಗಿದೆ ಮೇಷ್ಟ್ರೇ, ಆ ಒಂದು ಸೆಕೆಂಡು ಮಾತ್ರ ಇನ್ನೂ ಕೂತಿಲ್ಲ, ಸ್ವಲ್ಪ ದಿನ ಹಿಡಿಯುತ್ತದೆ ಎಂದೆ.